ಮಾರಿದವನ ಹೊಣೆ, ಕೊಂಡವನ ಹೊಣೆ

ಕಮಲಾಪುರದ ಕೆಂಪುಬಾಳೆಯ ಸಿಪ್ಪೆಯನ್ನು ಹಸುವಿನ ಮುಂದಿಟ್ಟರೆ ಮೇವಾಗುವುದು. ಮಣ್ಣಿಗೆ ಹಾಕಿದರೆ ಗೊಬ್ಬರವಾಗುವುದು. ಪ್ರಕೃತಿಯು ತಾನಿತ್ತ ಹೊದಿಕೆಯನ್ನು ತಾನೇ ಹಿಂದಕ್ಕೆ ಪಡೆಯುವಳು. ಮನುಷ್ಯನು ಮಾಡಿದ ಪ್ಲಾಸ್ಟಿಕ್ ಹೊದಿಕೆಗೆ ಈ ಗುಣವಿಲ್ಲ. ಕೋಟನೂರಿನ ಗೃಹಸ್ಥನು ಬೆಳಗ್ಗೆ ಕತ್ತರಿಸಿ ಎಸೆದ ಹಾಲಿನ ಪಾಕೀಟು ಚರಂಡಿಯಲ್ಲಿ ವರ್ಷಾನುವರ್ಷ ಉಳಿಯುವುದು. ಹಸುವಿನ ಹೊಟ್ಟೆಯನ್ನು ಸೇರಿದರೆ ಅದರ ಪ್ರಾಣಕ್ಕೇ ಮುಳುವಾಗುವುದು. ಇದರ ಹೊಣೆ ಯಾರದು? ಮಾಡಿದವನದೋ, ಮಾರಿದವನದೋ, ಕೊಂಡವನದೋ?

ವಸ್ತು ಕೈಬದಲಾದೊಡನೆ ಹೊಣೆಯೂ ಕೈಬದಲಾಯಿತೆಂಬುದು ಲೋಕರೂಢಿ. ಭಾರತ ಸರ್ಕಾರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ರೂಢಿಯನ್ನು ಒಪ್ಪಲಿಲ್ಲ. 2022ರ ಫೆಬ್ರವರಿಯ ತಿದ್ದುಪಡಿಯಂತೆ ಉತ್ಪಾದಕರು, ಆಮದುದಾರರು, ತಮ್ಮ ಹೆಸರಿನ ಮುದ್ರೆಯೊತ್ತಿ ಸರಕು ಮಾರುವ ಸಂಸ್ಥೆಗಳು, ತಾವು ಪೇಟೆಗೆ ಬಿಟ್ಟ ಹೊದಿಕೆಯ ವಿಲೇವಾರಿಗೆ ತಾವೇ ಬಾಧ್ಯರು. ಹೊಣೆಗೊಳಪಟ್ಟ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ 2024-25ಕ್ಕೆ ನೂರಕ್ಕೆ 50 ಭಾಗ, 2027-28ಕ್ಕೆ 80 ಭಾಗ ಮರುಸಂಸ್ಕರಣೆಗೊಳ್ಳಬೇಕು. ತಪ್ಪಿದವರು ಪರಿಸರ ಪರಿಹಾರಧನವನ್ನು ತೆರಬೇಕು. ಆದರೆ ಹಣ ತೆತ್ತ ಮಾತ್ರಕ್ಕೆ ಋಣ ಹರಿಯದು. ಉಳಿದ ಬಾಕಿಯು ಮೂರು ವರ್ಷಗಳವರೆಗೆ ಬೆನ್ನಟ್ಟಿ ಬರುವುದು.

ಈ ಕೊನೆಯ ವಿಧಿಯಲ್ಲಿ ಧರ್ಮದ ಸೂಕ್ಷ್ಮವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳಂತೆ. ಅದರ ಬೆಲೆಯನ್ನು ದಾನ ಮಾಡಿ ಸಮಾಧಾನ ತಾಳೆನ್ನಲಿಲ್ಲ. ತಪ್ಪು ಯಾವ ಕೈಯಿಂದ ನಡೆಯಿತೋ ಆ ಕೈಯೇ ಅದನ್ನು ತಿದ್ದಬೇಕು. ಗಳಿಕೆ ಕೈಸೇರಿದಲ್ಲಿಗೆ ಕಾಯಕವು ಮುಗಿಯದು. ತನ್ನ ದುಡಿಮೆಯಿಂದ ಲೋಕಕ್ಕೊದಗಿದ ಕೇಡನ್ನು ಕಳೆಯುವುದೂ ಅದರ ಅಂಗವೇ.

ಇಲ್ಲಿ ಒಂದು ಆಕ್ಷೇಪ ಏಳುವುದು. ಕಂಪನಿಯು ಈ ವೆಚ್ಚವನ್ನು ಬೆಲೆಯಲ್ಲಿಯೇ ಸೇರಿಸುವುದು. ಬೆಲೆಯನ್ನು ಕೊಟ್ಟ ಗೃಹಸ್ಥನಿಗೆ ಇನ್ನೇನು ಹೊಣೆ? ಆಕ್ಷೇಪದ ಪೂರ್ವಾರ್ಧವು ಅಸಂಭವವೇನಲ್ಲ, ಉತ್ತರಾರ್ಧವು ಸಲ್ಲದು. ಹಣದಿಂದ ಕಂಪನಿಯ ಋಣವೇ ಹರಿಯದೆಂದ ಮೇಲೆ ಗೃಹಸ್ಥನದು ಹರಿಯುವುದೆಂತು? ಮನೆಯಲ್ಲಿ ಕಸವನ್ನು ಬೇರ್ಪಡಿಸದೆ ಅನ್ನದೊಡನೆ ಕಲಸಿ ಎಸೆದರೆ, ಅದನ್ನು ಮರಳಿ ಪಡೆಯಬೇಕಾದವನಿಗೂ ದಾರಿ ಮುಚ್ಚುವುದು. ಬೇರ್ಪಡಿಸಿ ಒಪ್ಪಿಸಬೇಕೆಂದು ಅದೇ ನಿಯಮಗಳು ಪ್ರತಿ ಮನೆಗೂ ವಿಧಿಸಿವೆ.

ದಾಸೋಹದ ಪಂಕ್ತಿಯೂ ಈ ವಿಚಾರಕ್ಕೆ ಹೊರತಲ್ಲ. ಪ್ಲಾಸ್ಟಿಕ್ಕಿನ ತಟ್ಟೆ-ಲೋಟಗಳು 2022ರ ಜುಲೈ 1ರಿಂದ ನಿಷಿದ್ಧವಾಗಿವೆ. ಪ್ರಸಾದದಲ್ಲಿ ಒಂದು ಅಗುಳನ್ನೂ ಚೆಲ್ಲದ ಭಕ್ತನು, ಉಂಡ ತಟ್ಟೆಯನ್ನು ಹಸು ಮೇಯುವ ಬಯಲಿಗೆ ಎಸೆದರೆ ಆ ನಿಷ್ಠೆ ಅರ್ಧವಾಗುವುದು. ಮುತ್ತುಗದ ಎಲೆಯಲ್ಲಿ ಉಂಡರೆ ಪ್ರಸಾದಕ್ಕೆ ಕೊರತೆಯಿಲ್ಲ. ಎಲೆಯೂ ಮಣ್ಣಿಗೆ ಸಲ್ಲುವುದು.

ರಾಜಶಾಸನವು ಕಂಪನಿಯ ಲೆಕ್ಕಪುಸ್ತಕವನ್ನು ತಲುಪಬಲ್ಲದು. ಮನೆಯ ಹೊಸ್ತಿಲೊಳಗೆ ಪ್ರತಿದಿನವೂ ಬಂದು ನೋಡಲಾರದು. ಅಲ್ಲಿ ನೋಡುವುದು ಇಷ್ಟಲಿಂಗದ ಸಾಕ್ಷಿಯಲ್ಲಿ ನಿಂತ ಅಂತಃಕರಣವೊಂದೇ.