ಮರ ನಮ್ಮದು, ಎಲೆ ಯಾರದು?

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಮಾವಿನ ಮರವಿದೆ. ಅಪ್ಪ ನೆಟ್ಟದ್ದು. ಆಗ ಬೆಂಗಳೂರಿನ ಈ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಕಾಂಪೌಂಡಿನಿಂದ ಮೂರಡಿ ದೂರದಲ್ಲಿ ಸಸಿ ಇಡುವಾಗ, ಆಚೆ ಬದಿಯಲ್ಲಿ ಯಾರಾದರೂ ಮನೆ ಕಟ್ಟಿಯಾರು ಎಂದು ಅಪ್ಪ ಯೋಚಿಸಿರಲಾರರು. ಇಂದು ಮರದ ಬುಡ ನಮ್ಮಲ್ಲಿ, ಅರ್ಧ ಕೊಂಬೆಗಳು ಪಕ್ಕದ ಮನೆಯ ಮೇಲೆ.

2025ರ ಫೆಬ್ರವರಿಯಲ್ಲಿ ಮರ ಮೈತುಂಬ ಹೂ ಬಿಟ್ಟಿತ್ತು. ಹೂವಿನ ಜೊತೆ ಜಿಗಿಹುಳುವೂ ಬಂತು. ಮಾವು ಬೆಳೆಸಿದವರಿಗೆ ಗೊತ್ತು, ಈ ಹುಳು ರಸ ಹೀರಿ ಜೇನಿನಂಥ ಅಂಟನ್ನು ಕೆಳಗೆ ಉದುರಿಸುತ್ತದೆ. ಬಿದ್ದಲ್ಲೆಲ್ಲ ನೆಲ ಜಿಗುಟಾಗುತ್ತದೆ, ಆಮೇಲೆ ಕಪ್ಪು ಬೂಷ್ಟು ಹತ್ತುತ್ತದೆ. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಅದನ್ನು ತೊಳೆಯಲು ಹೋಗಿ, ಒದ್ದೆ ಎಲೆಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. ಸಂಜೆ ಅವರ ಮಗ ನಮ್ಮ ಮನೆಗೆ ಬಂದರು. ಕೂಗಾಡಲಿಲ್ಲ. "ಸಾರ್, ನಿಮ್ಮ ಮರ ನಿಮಗೆ ನೆರಳು ಕೊಡುತ್ತೆ, ನಮಗೆ ಕಸ ಕೊಡುತ್ತೆ. ದಯವಿಟ್ಟು ತೆಗೆಸಿಬಿಡಿ" ಎಂದರು.

ನನ್ನ ಬಳಿ ಉತ್ತರಗಳು ಸಿದ್ಧವಾಗಿದ್ದವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ನಮ್ಮ ಜಾಗದ ಮರವನ್ನೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ ಎಂದೆ. ಮರ ದೇವರ ಕೊಡುಗೆ ಎಂದೆ. ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಲ್ಲಿ, ಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯ ಕೂಡ ಹಣ್ಣಿನ ಮರಕ್ಕೆ ಕೊಡಲಿ ಹಾಕಬಾರದು ಎಂಬ ಕಟ್ಟಳೆ ಇದೆಯಲ್ಲ, ಅದೂ ನೆನಪಿಗೆ ಬಂದು ಹೇಳಿಬಿಟ್ಟೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ಎದ್ದು ಹೋದರು. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಕೇಳಿದಳು: "ಅಷ್ಟೆಲ್ಲ ಹೇಳಿದಿರಲ್ಲ, ಅವರ ತಾರಸಿ ಗುಡಿಸೋಕೆ ಒಂದು ದಿನ ಹೋಗಿದ್ದೀರಾ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಮಾಡುವ ಒಳ್ಳೆಯ ಕೆಲಸದ ಖರ್ಚನ್ನು ಯಾರು ಹೊರಬೇಕು? ಮರ ಉಳಿಸಿದ ಪುಣ್ಯ ನನ್ನದು. ಕಟ್ಟಿಕೊಂಡ ಮೋರಿ, ಎಲೆ ಬಿದ್ದ ಸಂಪು, ಮುರಿದ ಕೈ ಇನ್ನೊಬ್ಬರದು. ಇಂಥ ಪುಣ್ಯಕ್ಕೆ ಏನು ಹೆಸರು? ಹಾಗೆಂದು ಮರ ಕಡಿದರೆ ಲೆಕ್ಕ ಚುಕ್ತಾ ಆಗುವುದೂ ಇಲ್ಲ. ಬೀದಿಯ ಕಡೆ ಚಾಚಿದ ಕೊಂಬೆಯ ಕೆಳಗೆ ಹೂ ಮಾರುವ ಹೆಂಗಸು ಕೂರುತ್ತಾಳೆ. ಅವಳನ್ನು ನಾನೂ ಕೇಳಿಲ್ಲ, ಪಕ್ಕದವರೂ ಕೇಳಿಲ್ಲ.

ಇದು ಮರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ನಂಟರೊಬ್ಬರು ಮನೆಯ ಮುಂದೆ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಹುಲ್ಲುಹಾಸು ಬೆಳೆಸಿದ್ದಾರೆ. ನೋಡಲು ಕಣ್ಣಿಗೆ ತಂಪು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಸುಮಾರು ಐದು ಮಿಲಿಮೀಟರ್ ಬೇಕು. ಆ ತುಂಡು ಜಾಗಕ್ಕೆ ಸುಮಾರು 185 ಲೀಟರ್ ಆಯಿತು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರ ಸರ್ಕಾರದ ಮಾನದಂಡ! 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದಾಗ ನಂಟರು ಬಹಳ ನೊಂದುಕೊಂಡರು. ನಾನಾಗ ನಕ್ಕಿದ್ದೆ. ನನ್ನ ಮರ ನೀರು ಕೇಳುವುದಿಲ್ಲವಲ್ಲ ಎಂಬ ಜಂಬ.

ಅದೇ ವರ್ಷ, ಅಂದರೆ 2025ರ ತಪಸ್ಸುಕಾಲದ ಮೂರನೆಯ ಭಾನುವಾರ, ಪೂಜೆಯಲ್ಲಿ ಲೂಕನ ಶುಭಸಂದೇಶದ ಅಂಜೂರದ ಮರದ ಸಾಮತಿಯನ್ನು ಓದಿದರು. ಮೂರು ವರ್ಷ ಫಲ ಕಾಣದ ಯಜಮಾನ ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಬಿಡಿ ಎಂದು ಬೇಡುತ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ತೋಟಗಾರ ಬರೀ ಬೇಡಲಿಲ್ಲ ಎಂಬುದು ಅಂದೇ ನನ್ನ ಕಿವಿಗೆ ಬಿದ್ದದ್ದು. ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದು ತನ್ನ ಬೆವರನ್ನು ಒತ್ತೆಯಿಟ್ಟ. ಅವಧಿಯನ್ನೂ ತಾನೇ ಗೊತ್ತು ಮಾಡಿದ. ಆಮೇಲೂ ಆಗದಿದ್ದರೆ ಕಡಿಯಬಹುದು ಎಂಬ ಮಾತನ್ನೂ ತಾನೇ ಆಡಿದ. ನಾನೋ ಏನನ್ನೂ ಒತ್ತೆಯಿಡದೆ ಮರದ ಪರ ವಕಾಲತ್ತು ವಹಿಸಿದ್ದೆ.

ಆ ವಾರ ಪಕ್ಕದ ಮನೆಗೆ ಹೋದೆ. ಹಣ್ಣು ಮುಗಿದ ಮೇಲೆ ನಿಮ್ಮ ಕಡೆಯ ಕೊಂಬೆಗಳನ್ನು ನನ್ನ ಖರ್ಚಿನಲ್ಲಿ ಸವರಿಸುತ್ತೇನೆ, ಶನಿವಾರಗಳಂದು ನನ್ನ ಮಗ ಬಂದು ನಿಮ್ಮ ತಾರಸಿ, ಅಂಗಳ ಗುಡಿಸುತ್ತಾನೆ, ಒಂದು ವರ್ಷ ನೋಡಿ ಎಂದೆ. ತಮ್ಮ ಗಡಿಯೊಳಗೆ ಬಂದ ಕೊಂಬೆಯನ್ನು ಕತ್ತರಿಸುವ ಹಕ್ಕು ಅವರಿಗೆ ಮೊದಲಿನಿಂದಲೂ ಇತ್ತು. ಅವರು ಅದನ್ನು ಬಳಸಿರಲಿಲ್ಲ, ಹೇಳಿಕೊಂಡೂ ಇರಲಿಲ್ಲ.

ಮರ ಸವರುವುದು ಕೂಡ ನಾನಂದುಕೊಂಡಷ್ಟು ಸುಲಭವಲ್ಲ. ತಲೆ ಕಡಿದು ಬೋಳಿಸಿದರೆ ಎಳೆಯ ಚಿಗುರು ಒತ್ತೊತ್ತಾಗಿ ಬರುತ್ತದೆ, ಆ ಕೊಂಬೆಗಳಿಗೆ ಗಟ್ಟಿ ಬುಡವಿರದೆ ಗಾಳಿಗೆ ಮುರಿಯುತ್ತವೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಅದನ್ನು ಉಳಿಸಿ ಅದರಾಚೆಗೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಗರಗಸ ಹಾಕಬೇಕು, ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟ ಸಂಗತಿ ಇನ್ನೂ ವಿಚಿತ್ರ: ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಕೊಳೆತ ಮುಂದೆ ಹರಡದಂತೆ ತಡೆದು, ಮೇಲೆ ಹೊಸ ಮರ ಬೆಳೆಸಿಕೊಳ್ಳುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಇರುತ್ತದೆ.

ಜುಲೈನಲ್ಲಿ ಕೊಂಬೆ ಸವರಿಸಿದೆವು. ಬುಡದ ಸುತ್ತ ಹಾಕಿಸಿದ್ದ ಸಿಮೆಂಟನ್ನೂ ಒಡೆಸಿದೆ, ಮೇಲ್ಪದರದ ಬೇರುಗಳಿಗೆ ಗಾಳಿ ನೀರು ಬೇಕಲ್ಲ. ಅಲ್ಲಿ ಪಾತಿ ಮಾಡಿ, ಗುಡಿಸಿ ತಂದ ತರಗೆಲೆಯನ್ನೆಲ್ಲ ಸುರಿಯುತ್ತೇವೆ, ಸುಡುವುದಿಲ್ಲ. ಮಗ ಮೊದಮೊದಲು ಗೊಣಗುತ್ತಿದ್ದ. ಅಜ್ಜಿ ಕಾಫಿ ಕೊಡಲು ಶುರುಮಾಡಿದ ಮೇಲೆ ಬೇಗ ಹೋಗಿ ತಡವಾಗಿ ಬರುತ್ತಾನೆ. ಅವರ ಕೈ ಮಾತ್ರ ಪೂರ್ತಿ ಸರಿಹೋಗಿಲ್ಲ. ಚಪಾತಿ ಲಟ್ಟಿಸಲು ಆಗುವುದಿಲ್ಲವಂತೆ.

ಅವರ ಮಗ ಮರ ಇರಲಿ ಎಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಮತ್ತೆ ಹೂ ಬಿಟ್ಟಾಗ ನೋಡೋಣ ಸಾರ್ ಎಂದಿದ್ದಾರೆ. ಗರಗಸದವನ ಫೋನ್ ನಂಬರನ್ನು ನಾನೇ ಅವರಿಗೆ ಬರೆದುಕೊಟ್ಟಿದ್ದೇನೆ.