ಬೇವಿನ ಗಿಡದ ತೂಕ

ಮಹಾರಾಷ್ಟ್ರದ ಜತ್ತ ತಾಲೂಕಿನ ಬಾಲಗಾಂವದ ಕಡೆ ಮರಕ್ಕೆ ಮರ ಅನ್ನುವುದಿಲ್ಲ, ಗಿಡ ಅನ್ನುತ್ತಾರೆ. ಮುತ್ತಜ್ಜನ ಕಾಲದ ಬೇವೂ ಗಿಡವೇ. ಕಾಗದಪತ್ರ ಮರಾಠಿ, ಮನೆಮಾತು ಕನ್ನಡ. ಮಳೆ ಮಾತ್ರ ಎರಡೂ ಭಾಷೆಗೆ ಕಿವುಡು. ಜೋಳದ ಹೊಲದ ಬದುವಿನ ಮೇಲಿದ್ದ ಅಂಥದೊಂದು ಬೇವಿಗೆ ಟೇಪು ಸುತ್ತುತ್ತಿದ್ದೆ. ಹೊಲದ ಯಜಮಾನರು ಬಂದು ನಿಂತರು.

"ಏನ್ ಅಳತಿ ಮಾಡಾಕತ್ತೀರಿ ಸಾಹೇಬ್ರ?"

"ಇದರ ತೂಕ ಎಷ್ಟಾದೀತು ಅಂತ ನೋಡ್ತೀನಿ ಕಾಕಾ."

ಅವರು ಬುಡದಿಂದ ತುದಿಯವರೆಗೆ ಒಮ್ಮೆ ಕಣ್ಣಾಡಿಸಿದರು. "ಎರಡ್ ಗಾಡಿ ಕಟಗಿ, ಒಂದ್ ತೊಲಿ." ಮುಗಿಯಿತು ಲೆಕ್ಕ.

ಕಾಡಿನ ಲೆಕ್ಕ ಹಿಡಿಯುವ ವಿಜ್ಞಾನವೂ ಮಾಡುವುದು ಇಷ್ಟೇ, ಕಡಿಯದೆ ತೂಗುವುದು. ಹಿಂದೆ ಯಾರೋ ಒಂದಿಷ್ಟು ಮರ ಕಡಿದು, ಒಣಗಿಸಿ, ತಕ್ಕಡಿಗೆ ಹಾಕಿ, ಸುತ್ತಳತೆಗೂ ತೂಕಕ್ಕೂ ಇರುವ ನಂಟನ್ನು ಸೂತ್ರ ಮಾಡಿಟ್ಟರು. ಕಾಕಾನ ಕಣ್ಣಿಗೂ ಸೂತ್ರ ಬಂದದ್ದು ಹಿಂದೆ ಕಡಿದ ಗಿಡಗಳಿಂದಲೇ.

ಅಳೆಯುವ ಎತ್ತರ ನೆಲದಿಂದ 1.37 ಮೀಟರ್, ಅಂದರೆ ಮನುಷ್ಯನ ಎದೆಮಟ್ಟ. ದಪ್ಪ ಮರಕ್ಕೆ ಟೇಪು ಸುತ್ತಬೇಕಾದರೆ ಎರಡೂ ತೋಳು ಚಾಚಿ ತೊಗಟೆಗೆ ಕೆನ್ನೆ ತಾಗಿಸಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯವರು ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡದ್ದೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ. ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪದ ಎಳೆಯ ಕಾಂಡದಿಂದ ಹಿಡಿದು ಪ್ರತಿಯೊಂದಕ್ಕೂ ಸಂಖ್ಯೆ ಕಟ್ಟಿದರು. ಆನೆ, ಬೆಂಕಿ, ಬರ ದಾಟಿ ಆ ಲೆಕ್ಕ ಇಂದಿಗೂ ನಡೆದಿದೆ.

ಇನ್ನು ಮೇಲಿನ ಕಣ್ಣು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್ ಉಪಗ್ರಹ 747 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅದರಲ್ಲಿ ಎರಡು ರಾಡಾರ್. ಒಂದರ ಅಲೆಯ ಉದ್ದ 24 ಸೆಂ.ಮೀ., ನಮ್ಮ ಒಂದು ಗೇಣು! ರಾತ್ರಿ, ಮೋಡ ಅದಕ್ಕೆ ಲೆಕ್ಕಕ್ಕಿಲ್ಲ. ಬೇವಿನ ಸಣ್ಣ ಎಲೆಗಳ ನಡುವೆ ನುಸುಳಿ, ಕೊಂಬೆಗೋ ಕಾಂಡಕ್ಕೋ ತಾಗಿ ಹಿಂತಿರುಗುತ್ತದೆ. ಆದರೆ ಮರಳಿ ಬರುವುದು ಬರೀ ಮಾರ್ದನಿ. ಅದು ಎಷ್ಟು ಟನ್ನಿನ ಮಾರ್ದನಿ ಎಂದು ಹೇಳಲು ಟೇಪು ಹಿಡಿದವನ ನೋಟ್‌ಬುಕ್ಕೇ ಬೇಕು.

ಇನ್ನೊಂದು ಸೋಜಿಗವಿದೆ. ಮರಗಳ ತೂಕ ಹೆಕ್ಟೇರಿಗೆ ಸುಮಾರು 100 ಟನ್ ದಾಟಿದರೆ ಈ ಗೇಣಿನ ಅಲೆಗೆ ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ, ತುಂಬಿದ ಕೊಳಗಕ್ಕೆ ಮತ್ತೆ ಸುರಿದಂತೆ. ಮಲೆನಾಡಿನ ದಟ್ಟ ಕಾಡಿನಲ್ಲಿ ಅದು ತಡವರಿಸುತ್ತದೆ. ಮರ ವಿರಳವಾದ ಸೀಮೆಯಲ್ಲೇ ಅದರ ಅಳತೆ ನೆಟ್ಟಗೆ. ಬರದ ನಾಡಿಗೆ ಸಿಕ್ಕ ಈ ಮರ್ಯಾದೆ ನನಗಂತೂ ಖುಷಿ ಕೊಟ್ಟಿತು.

ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಪ್ರಕಾರ ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಕೊಂಬೆಯ ನೆರಳಿದ್ದರೆ ಮಾತ್ರ ಅರಣ್ಯ ಹೊದಿಕೆ. ಬದುವಿನ ಒಂಟಿ ಬೇವು ಕಾಡಲ್ಲ. ಆದರೂ ಬಿಟ್ಟುಹೋಗಿಲ್ಲ: ಇಂಥ ಬಿಡಿ ಮರಗಳ ಹೊದಿಕೆಗೆ ಬೇರೆಯೇ ಲೆಕ್ಕವಿದೆ, 2023ರ ವರದಿಯಲ್ಲಿ ಅದು 1,12,014 ಚದರ ಕಿ.ಮೀ.

ಇದನ್ನೆಲ್ಲ ಕಾಕಾಗೆ ಹೇಳುತ್ತ ಹೋದೆ. ಒಣಗಿದ ಕಟ್ಟಿಗೆಯಲ್ಲಿ ಅರ್ಧದಷ್ಟು ಇಂಗಾಲ, ಅದನ್ನು ಗಿಡ ಮಣ್ಣಿನಿಂದ ತಂದದ್ದಲ್ಲ, ಎಲೆ ಗಾಳಿಯಿಂದ ಹೆಕ್ಕಿದ್ದು ಎಂದಾಗ ಅವರು ಮೊದಲ ಸಲ ನಕ್ಕರು.

"ಗಾಳಿ ತೂಗಾಕ ಬಂದೀರಿ ಅನ್ರಿ ಹಂಗಾರ!"

ಟೇಪು 214 ಸೆಂ.ಮೀ. ತೋರಿಸಿತು. ಮನೆಗೆ ಕರೆದು ಚಹಾ ಕೊಟ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ, ಹಾಲಿನ ಲೆಕ್ಕದ ಕೆಳಗೆ, ಆ ಅಂಕಿ ಬರೆಸಿಕೊಂಡರು.