ಉಳುಮೆಗೆ ಬೇಕಾದ ಕುದುರೆ

ಹೊರಗಿನ ಶತ್ರು ಸೋತರೆ ತನ್ನ ನಾಡಿಗೆ ಹಿಂದಿರುಗುತ್ತಾನೆ. ಅಂತರ್ಯುದ್ಧದಲ್ಲಿ ಸೋತವನಿಗೆ ಹೋಗಲು ಬೇರೆ ನಾಡಿಲ್ಲ. ನಾಳೆ ಅವನೂ ಅದೇ ದೇಶದ ಪ್ರಜೆ. ಕತ್ತಿ ಕೈಯಲ್ಲಿರುವಾಗಲೇ ಇದನ್ನು ಅರಿತಿದ್ದ ಎಂಬ ಕಾರಣಕ್ಕೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ವಿರುದ್ಧ ಹೋರಾಡಿದ ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟ್ ನನಗೆ ದೊಡ್ಡವನಾಗಿ ಕಾಣುತ್ತಾನೆ.

ರಣರಂಗದಲ್ಲಿ ಅವನು ಮೃದುವೇನೂ ಅಲ್ಲ. 1864ರ ಮೇ ತಿಂಗಳಲ್ಲಿ ವರ್ಜೀನಿಯಾದ ವಿಲ್ಡರ್‌ನೆಸ್ ಕಾಡಿನ ಕದನದಲ್ಲಿ ಅವನ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 17,000ಕ್ಕೂ ಹೆಚ್ಚು. ಅವನಿಗಿಂತ ಮುಂಚಿನ ಸೇನಾಪತಿಗಳು ಇಂಥ ಪೆಟ್ಟು ತಿಂದಾಗ ನದಿ ದಾಟಿ ಉತ್ತರಕ್ಕೆ ಮರಳಿದ್ದರು. ಗ್ರಾಂಟ್ ದಕ್ಷಿಣಕ್ಕೆ ತಿರುಗಿದ. ಮುಂದೆಯೂ ಸಾವೇ ಕಾದಿದೆಯೆಂದು ತಿಳಿದಿದ್ದ ಸೈನಿಕರು ಜಯಕಾರ ಹಾಕಿದರು. ಪಟ್ಟ ಪಾಡು ವ್ಯರ್ಥವಾಗಲಿಲ್ಲವೆಂಬ ಭರವಸೆ ಅವರಿಗೆ ಬೇಕಿತ್ತು. ಮುಂದಿನ ತಿಂಗಳು ಕೋಲ್ಡ್ ಹಾರ್ಬರ್‌ನಲ್ಲಿ ನಡೆಸಿದ ಕೊನೆಯ ದಾಳಿ ಮಾತ್ರ ಘೋರ ತಪ್ಪು. ಅದರ ವಿಷಾದವನ್ನು ಆತ್ಮಕಥೆಯಲ್ಲಿ ತಾನೇ ದಾಖಲಿಸಿದ.

1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ದಂಡನಾಯಕ ರಾಬರ್ಟ್ ಲೀ ಶರಣಾದ. ಮತ್ತೆ ಆಯುಧ ಹಿಡಿಯೆವೆಂದು ಮಾತು ಕೊಟ್ಟವರೆಲ್ಲ ಮನೆಗೆ ಹೋಗಬಹುದೆಂದ ಗ್ರಾಂಟ್. ಕುದುರೆಯೋ ಹೇಸರಗತ್ತೆಯೋ ತನ್ನದೆಂದು ಹೇಳಿದ ಸೈನಿಕ ಅದನ್ನು ಒಯ್ಯಬಹುದು. ಅದು ಬಿತ್ತನೆಯ ಕಾಲ. ಉಳದಿದ್ದರೆ ಬರುವ ಚಳಿಗಾಲಕ್ಕೆ ಆ ಮನೆಗಳಲ್ಲಿ ಕಾಳಿರುವುದಿಲ್ಲ. ಹಸಿದಿದ್ದ ಲೀಯ ಪಡೆಗೆ 25,000 ಜನರ ಪಡಿ ಕಳಿಸಿದ. ತನ್ನವರು ವಿಜಯದ ತೋಪು ಹಾರಿಸತೊಡಗಿದಾಗ ತಡೆದ.

ಗ್ರಾಂಟ್ ಕೊಟ್ಟ ಮಾತು ಬೇಗನೆ ಪರೀಕ್ಷೆಗೊಳಗಾಯಿತು. ಜೂನ್‌ನಲ್ಲಿ ಲೀ ಮೇಲೆ ದೇಶದ್ರೋಹದ ಆರೋಪ ಬಂದಾಗ, ಶರಣಾಗತಿಯ ಷರತ್ತು ಮುರಿಯುವುದಾದರೆ ಹುದ್ದೆ ಬಿಡುತ್ತೇನೆಂದು ಗ್ರಾಂಟ್ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ಗೆ ತಿಳಿಸಿದ. ಲೀಯ ವಿಚಾರಣೆ ನಡೆಯಲೇ ಇಲ್ಲ.

ಸೋತವರ ಮೇಲಿನ ಈ ಔದಾರ್ಯವನ್ನು ಗುಲಾಮಗಿರಿಯ ಬಗೆಗಿನ ಸಡಿಲಿಕೆ ಎಂದು ತಿಳಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಕ್ಷಿಣದವರು ಹೋರಾಡಿದ್ದು ತೀರ ಕೆಟ್ಟ ಉದ್ದೇಶಕ್ಕೆಂದೇ ಅವನು ಬರೆದ. ಅವನ ಔದಾರ್ಯ ಆಯುಧ ಕೆಳಗಿಟ್ಟವರಿಗೆ ಮೀಸಲು. ಬಿಡುಗಡೆ ಹೊಂದಿದ ಕಪ್ಪು ಜನರನ್ನು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತ ಸಂಘಟನೆ ಹೊಡೆದು ಕೊಲ್ಲುತ್ತಿದ್ದಾಗ, ಅಧ್ಯಕ್ಷನಾಗಿದ್ದ ಗ್ರಾಂಟ್ 1871ರಲ್ಲಿ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಬಂಧಿತರನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತುಗೊಳಿಸಿ, ಸೈನ್ಯದ ನೆರವಿನಿಂದ ನೂರಾರು ಜನರನ್ನು ಬಂಧಿಸಿದ.